ಅರ್ಧಕ್ಕೆ ಬಿಟ್ಟ ಕೆಲಸ ಎತ್ತಿಕೊಳ್ಳುವ ಹಾಗೆ: ಶಿರಸಿಯ ಮಳೆ ಲೆಕ್ಕದ ಆ್ಯಪ್, ಒಂದು ಪ್ರಕರಣ ಅಧ್ಯಯನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೆಲವು ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದೆ. ಅಂಗಳದಲ್ಲಿ ಒಂದು ಮಳೆ ಮಾಪಕ, ಒಳಗೆ ಗೋಡೆಯ ಕ್ಯಾಲೆಂಡರ್ ಅಥವಾ ಹಳೆಯ ಡೈರಿ. ಬೆಳಿಗ್ಗೆ ಎದ್ದು ಅಳೆಯುತ್ತಾರೆ, ನೀರು ಚೆಲ್ಲುತ್ತಾರೆ, ಒಳಗೆ ಬಂದು ಬರೆಯುತ್ತಾರೆ. ಅಡಿಕೆ ಬೆಳೆಗಾರರಿಗೆ ಇದು ಬರೀ ಹವ್ಯಾಸವಲ್ಲ. ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ ಬೋರ್ಡೋ ಮದ್ದು ಹೊಡೆಯಬೇಕು. ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ. ಆ ಎರಡನೇ ಸಲಕ್ಕೆ ಮಳೆ ಹೊಳವಾಗುವುದು ಯಾವಾಗ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದು ಯಾವಾಗ ಎಂದು ಲೆಕ್ಕ ಹಾಕುವವರಿಗೆ ಹಿಂದಿನ ವರ್ಷಗಳ ಬರಹ ನಿಜಕ್ಕೂ ಬೇಕು.

ಈ ಲೆಕ್ಕವನ್ನು ಮೊಬೈಲಿನಲ್ಲಿ ಇಡಲು ಒಂದು ಸಣ್ಣ ಗುಂಪು ಆ್ಯಂಡ್ರಾಯ್ಡ್ ಆ್ಯಪ್ ಮಾಡಿತು. ಓಪನ್ ಸೋರ್ಸ್ ಕೆಲಸ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು; ಪರವಾನಗಿ ಜಿಪಿಎಲ್ 3. ಯಾರಿಗೂ ಸಂಬಳ ಇಲ್ಲ. 2024ರ ಮಳೆಗಾಲಕ್ಕೆ ಅದರ ಎರಡನೇ ಆವೃತ್ತಿ ಬರಬೇಕಿತ್ತು. ಆ ವರ್ಷ ಮೊದಲು ಹಾಕಿದ ಯೋಜನೆ ಯಾಕೆ ಮುರಿಯಿತು, ಮತ್ತೆ ಹೇಗೆ ಕಟ್ಟಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಂಪಿನಲ್ಲಿ ನನ್ನ ಪಾಲು ಕನ್ನಡದ ಬರಹ, ಸಹಾಯ ಪುಟ ಮತ್ತು ಸಭೆಯ ಟಿಪ್ಪಣಿ. ಹಾಗಾಗಿ ಹೆಚ್ಚಿನ ಮಾತುಕತೆಗಳನ್ನು ಕಿವಿಯಾರೆ ಕೇಳಿದ್ದೇನೆ.

ನನಗೆ ಹೇಳಬೇಕಿರುವುದು ಒಂದೇ. ಸಂಬಳ ಇಲ್ಲದ ಕೆಲಸದಲ್ಲಿ ಜನರನ್ನು ಹಂಚಲು ಆಗುವುದಿಲ್ಲ, ಅವರ ಸಮಯ ನಮ್ಮದಲ್ಲ. ಕೆಲಸವನ್ನು ಮಾತ್ರ ಹಂಚಬಹುದು. ಅದನ್ನೂ ಒಬ್ಬರು ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುವ ಹಾಗೆ ಕತ್ತರಿಸಿ ಇಡಬೇಕು.

ಮೊದಲ ಯೋಜನೆ

ಕೋಡ್ ಬರೆಯುವವರು ನಾಲ್ವರು. ಶಿರಸಿಯ ಒಬ್ಬರು ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಬೆಂಗಳೂರಿನ ಕಂಪನಿಯ ಕೆಲಸವನ್ನು ಜೋಯಿಡಾದ ಮನೆಯಿಂದಲೇ ಮಾಡುವ ಒಬ್ಬ ಯುವಕ. ಕಾರವಾರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಕುಮಟಾ ಮೂಲದ, ಈಗ ಜರ್ಮನಿಯಲ್ಲಿರುವ ಒಬ್ಬರು. ಇವರ ಜೊತೆ ಆ್ಯಪ್ ಬಳಸಿ ತಪ್ಪು ಹೇಳುವ ತೋಟದ ಮನೆಯವರು, ಘಟ್ಟದ ಮೇಲೆ ಜಾಸ್ತಿ, ಘಟ್ಟದ ಕೆಳಗೆ ಕಡಿಮೆ.

ಅಡಿಕೆ ಕೊನೆ (ಗೊನೆ) ಕೊಯ್ಲು ಮುಗಿದ ಮೇಲೆ, ಜನವರಿಯಲ್ಲಿ, ಒಂದು ಪಟ್ಟಿ ಆಯಿತು. ಒಂದು ಕಾಲಂನಲ್ಲಿ ಕೆಲಸ, ಪಕ್ಕದಲ್ಲಿ ಹೆಸರು, ಅದರ ಪಕ್ಕದಲ್ಲಿ ತಾರೀಕು. ಕೆಲಸಗಳು ಐದು. ನೆಟ್‌ವರ್ಕ್ ಸಿಕ್ಕಾಗ ಲೆಕ್ಕವನ್ನು ಸರ್ವರ್ ಕಂಪ್ಯೂಟರಿಗೆ ಕಳಿಸುವ ಸಿಂಕ್, ಇಂಚು ಮತ್ತು ಮಿಲಿಮೀಟರ್ ಎರಡರಲ್ಲೂ ಬರೆಯುವ ಅನುಕೂಲ, ನಕ್ಷತ್ರವಾರು ಮಳೆ ಮೊತ್ತ, ಮದ್ದು ಹೊಡೆಯುವ ದಿನದ ನೆನಪು, ಕೊಂಕಣಿ ಅನುವಾದ. ಕಂಪನಿಗಳಲ್ಲಿ ಮಾಡುವುದೇ ಹೀಗೆ. ನೋಡಲು ಚೆನ್ನಾಗಿಯೇ ಇತ್ತು.

ಮಾರ್ಚ್ ಮುಗಿಯುವಷ್ಟರಲ್ಲಿ ಪಟ್ಟಿಯ ಯಾವ ತಾರೀಕೂ ನಿಂತಿರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಜಾತ್ರೆ ಇತ್ತು. ಮನೆ ತುಂಬ ನೆಂಟರು ಇರುವಾಗ ಯಾರೂ ಲ್ಯಾಪ್‌ಟಾಪ್ ತೆರೆದು ಕೂರುವುದಿಲ್ಲ, ಕೂರಲೂಬಾರದು. ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ ಪರೀಕ್ಷೆ, ಆಮೇಲೆ ಮೌಲ್ಯಮಾಪನ, ಆಮೇಲೆ ಚುನಾವಣೆ. ಉತ್ತರ ಕನ್ನಡದಲ್ಲಿ ಲೋಕಸಭೆಗೆ ಮತದಾನ ಮೇ 7ಕ್ಕೆ ಇತ್ತು. ಶಿಕ್ಷಕಿಗೆ ತರಬೇತಿ ಮತ್ತು ಮತಗಟ್ಟೆ ಡ್ಯೂಟಿ ಬಂತು. ಜೋಯಿಡಾದ ಹುಡುಗನಿಗೆ ಕಂಪನಿಯ ಕೆಲಸ ಏರಿತು. ಕಾರವಾರದ ಹುಡುಗಿಗೆ ಇಂಟರ್ನಲ್ಸ್. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಬದುಕು ಅಂದರೆ ಇದೇ ಅಲ್ವಾ? ಯೋಜನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಜನ ಕಾಣೆಯಾದದ್ದು ನಿಜವಾದ ತೊಂದರೆಯಲ್ಲ. ಅವರ ಜೊತೆ ಕೆಲಸವೂ ಕಾಣೆಯಾಯಿತು, ಅದು ತೊಂದರೆ. ಸಿಂಕ್‌ನ ಕೋಡ್ ಮುಕ್ಕಾಲು ಆಗಿತ್ತು, ಆದರೆ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ. ಪೂರ್ತಿ ಆಗದೆ ತೋರಿಸುವುದು ಹೇಗೆ ಎಂಬ ಸಂಕೋಚದಿಂದ ಅವರು ಅದನ್ನು ಎಲ್ಲರೂ ಹಂಚಿಕೊಳ್ಳುವ ಕೋಡ್ ಭಂಡಾರಕ್ಕೆ (ರೆಪೊಸಿಟರಿಗೆ) ಹಾಕಿರಲಿಲ್ಲ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಅರ್ಧ ಬೆಂದ ಅಡುಗೆಯನ್ನು ಯಾರೂ ಎಲೆಗೆ ಬಡಿಸುವುದಿಲ್ಲ. ಆದರೆ ಅದರಿಂದ ಉಳಿದ ಮೂವರಿಗೆ ಕೈಕಟ್ಟಿದ ಹಾಗಾಯಿತು. ಮಾಡೋಣವೆಂದರೆ ಅವರು ಮಾಡುತ್ತಿದ್ದಾರೆ. ಬಿಡೋಣವೆಂದರೆ ಯಾವಾಗ ಮುಗಿಯುತ್ತದೆ ಗೊತ್ತಿಲ್ಲ.

ಇನ್ನೊಂದು ತೊಡಕು ಫೋನ್ ಸಭೆ. ರಾತ್ರಿ ಊಟದ ಹೊತ್ತಿಗೆ ಕಾನ್ಫರೆನ್ಸ್ ಕಾಲ್ ಹಾಕಿ, ಇದ್ದವರು ತೀರ್ಮಾನ ಮಾಡುತ್ತಿದ್ದರು. ಜೋಯಿಡಾದ ಒಳಗಿನ ಹಳ್ಳಿಯಲ್ಲಿ ಗಾಳಿ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಟವರ್ ಹೋಗುತ್ತದೆ. ಮುಂದಿನ ವಾರ ಆ ಹುಡುಗ ಬಂದು ಕೇಳಿದರೆ ತೀರ್ಮಾನ ಆದದ್ದು ಗೊತ್ತು, ಯಾಕೆ ಹಾಗೆ ಆಯಿತು ಎಂಬುದು ಯಾರಿಗೂ ಸರಿಯಾಗಿ ನೆನಪಿಲ್ಲ. ಮತ್ತೆ ಅದೇ ಚರ್ಚೆ.

ದೊಡ್ಡ ಯೋಜನೆಗಳಿಂದ ತೆಗೆದುಕೊಂಡದ್ದು

ಏಪ್ರಿಲ್ ಮೊದಲ ವಾರ ಪಟ್ಟಿ ಬಿಟ್ಟುಹಾಕಿ ಹೊಸದಾಗಿ ಕೂತೆವು. ಜರ್ಮನಿಯಲ್ಲಿರುವ ಕುಮಟಾದವರು ಒಂದು ಪ್ರಶ್ನೆ ಇಟ್ಟರು: ನಮಗಿಂತ ಸಾವಿರ ಪಟ್ಟು ದೊಡ್ಡ ಗುಂಪುಗಳಲ್ಲಿ, ಯಾರು ಯಾವಾಗ ಬರುತ್ತಾರೆ ಎಂದು ಯಾರಿಗೂ ಗೊತ್ತಿಲ್ಲದ ಕಡೆ, ತಾರೀಕು ಹೇಗೆ ನಿಲ್ಲುತ್ತದೆ?

ಲಿನಕ್ಸ್ ಎಂಬ ಓಪನ್ ಸೋರ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಸುಮಾರು 9–10 ವಾರಕ್ಕೊಂದು ಬರುತ್ತದೆ. ಮೊದಲ ಎರಡು ವಾರ ಹೊಸ ಕೆಲಸಗಳನ್ನು ಸೇರಿಸಲು ಬಾಗಿಲು ತೆರೆದಿರುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತದೆ, ತಪ್ಪು ತಿದ್ದುವುದು ಮಾತ್ರ. ತಪ್ಪಿಸಿಕೊಂಡ ಕೆಲಸ ಮುಂದಿನ ಸುತ್ತಿಗೆ ಹೋಗುತ್ತದೆ. ಲಿನಕ್ಸ್ ಮೇಲೆ ಕಟ್ಟಿದ ಉಬುಂಟು 2004ರ ಅಕ್ಟೋಬರ್‌ನಿಂದ ಆರು ತಿಂಗಳಿಗೊಂದು ಆವೃತ್ತಿ ಬಿಡುತ್ತಿದೆ. ಆವೃತ್ತಿಯ ಸಂಖ್ಯೆಯೇ ವರ್ಷ ಮತ್ತು ತಿಂಗಳು. 2006ರಲ್ಲಿ ಏಪ್ರಿಲ್‌ನಿಂದ ಜೂನ್‌ಗೆ ಹೋದ ಒಂದು ಆವೃತ್ತಿಯ ಹೆಸರು ಇವತ್ತಿಗೂ 6.06. ಲಿನಕ್ಸ್ ಮೇಲೇ ಕಟ್ಟಿದ ಡೆಬಿಯನ್ ದಾರಿ ಬೇರೆ. ಅವರು ಹಂತ ಹಂತವಾಗಿ ಬದಲಾವಣೆ ನಿಲ್ಲಿಸುತ್ತಾ (ಫ್ರೀಜ್ ಮಾಡುತ್ತಾ) ಬಂದು, ಸಿದ್ಧವಾದಾಗ ಬಿಡುತ್ತಾರೆ.

ಡೆಬಿಯನ್ ದಾರಿ ನಮಗೆ ಆಗುವಂಥದ್ದಲ್ಲ. ಜೂನ್ ಮೊದಲ ವಾರ ಮಳೆ ಶುರುವಾಗುತ್ತದೆ, ಅದು ನಮ್ಮನ್ನು ಕಾಯುವುದಿಲ್ಲ. ಜುಲೈಯಲ್ಲಿ ಬಂದ ಮಳೆ ಲೆಕ್ಕದ ಆ್ಯಪ್ ಯಾರಿಗೂ ಬೇಡ. ಹಾಗಾಗಿ ಮೇ ಮೂರನೇ ವಾರ ಬಿಡುಗಡೆ, ಏನೇ ಆದರೂ. ಅಷ್ಟರಲ್ಲಿ ಸಿದ್ಧವಾದದ್ದು ಒಳಗೆ, ಉಳಿದದ್ದು ಹೊರಗೆ. ಜೊತೆಗೇ ಇನ್ನೊಂದು ತಾರೀಕು ಗೊತ್ತುಮಾಡಿದೆವು: ಅಕ್ಟೋಬರ್, ಕೊನೆ ಕೊಯ್ಲಿಗೆ ಮುಂಚೆ. ಈ ಎರಡನೇ ತಾರೀಕು ಬಹಳ ಮುಖ್ಯ. ಒಂದೇ ಬಿಡುಗಡೆ ಇದ್ದರೆ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಅದರಲ್ಲೇ ತುರುಕಲು ನೋಡುತ್ತಾರೆ. ಮುಂದಿನದು ಯಾವಾಗ ಎಂದು ಗೊತ್ತಿದ್ದರೆ ಬಿಟ್ಟುಕೊಡುವುದು ಸುಲಭ.

ಹಾಗೆ ಬಿಟ್ಟದ್ದು ನಕ್ಷತ್ರವಾರು ಮಳೆ. ಬೇಸರದಿಂದಲೇ ಬಿಟ್ಟೆವು, ಯಾಕೆಂದರೆ ಹಿರಿಯರು ಮೊದಲು ಕೇಳಿದ್ದೇ ಅದು. ಅವರಿಗೆ ಜೂನ್ ಮಳೆ, ಜುಲೈ ಮಳೆ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಮೃಗಶಿರಾ ಎಷ್ಟು, ಆರಿದ್ರಾ ಎಷ್ಟು, ಪುನರ್ವಸು ಎಷ್ಟು, ಅದು ಬೇಕು. ಒಂದೊಂದು ನಕ್ಷತ್ರಕ್ಕೆ 13–14 ದಿನ. ಮೃಗಶಿರಾ ಜೂನ್ 7–8ಕ್ಕೆ ಹುಟ್ಟಿದರೆ ಆರಿದ್ರಾ 21–22ಕ್ಕೆ. ಕೋಡ್ ಸುಲಭ. ಆದರೆ ನಕ್ಷತ್ರ ಹುಟ್ಟುವ ದಿನ ವರ್ಷದಿಂದ ವರ್ಷಕ್ಕೆ, ಪಂಚಾಂಗದಿಂದ ಪಂಚಾಂಗಕ್ಕೆ ಒಂದು ದಿನ ಆಚೀಚೆ ಆಗುತ್ತದೆ. ಯಾವ ಪಂಚಾಂಗ ಹಿಡಿಯಬೇಕು? ಇದು ಕೋಡ್ ಬರೆದು ಬಗೆಹರಿಯುವ ಪ್ರಶ್ನೆಯಲ್ಲ, ಮನೆಮನೆ ಕೇಳಬೇಕು. ಏಪ್ರಿಲ್‌ನಲ್ಲಿ ಕೇಳಲು ಸಮಯವಿರಲಿಲ್ಲ. ಶಿಕ್ಷಕಿ ಅಲ್ಲಿಯವರೆಗೆ ಬರೆದದ್ದನ್ನು ಒಂದು ಬೇರೆ ಬ್ರಾಂಚಿನಲ್ಲಿ (ಮೂಲ ಕೋಡಿಗೆ ತಾಗದ ಕವಲಿನಲ್ಲಿ) ಹಾಕಿ, ಎಲ್ಲಿಗೆ ನಿಂತಿದೆ ಎಂದು ಒಂದು ಪುಟ ಬರೆದಿಟ್ಟರು.

ಇಂದಿನ ಮಳೆಯೋ, ನಿನ್ನೆಯದೋ

ಇಡೀ ಪ್ರಕರಣದಲ್ಲಿ ನಾವು ಅತಿ ಹೆಚ್ಚು ಮಾತಾಡಿದ್ದು ಒಂದು ತಾರೀಕಿನ ಬಗ್ಗೆ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಇದೇ ಯೋಜನೆಯ ಜೀವ.

ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕ. 5ನೇ ತಾರೀಕು ಬೆಳಿಗ್ಗೆ 8:30ಕ್ಕೆ ಅಳೆದ ಮಳೆ 5ನೇ ತಾರೀಕಿನ ಲೆಕ್ಕಕ್ಕೆ ಸೇರುತ್ತದೆ, ಅದರಲ್ಲಿ ಬಹುಪಾಲು ಸುರಿದದ್ದು 4ರಂದೇ ಆಗಿದ್ದರೂ. ನಮ್ಮ ಮನೆಗಳಲ್ಲಿ ಹಾಗಲ್ಲ. 5ರ ಬೆಳಿಗ್ಗೆ ಅಳೆದು 4ರ ಚೌಕದಲ್ಲಿ ಬರೆಯುವವರು ಜಾಸ್ತಿ. ಸಿದ್ದಾಪುರದ ಕಡೆಯ ಒಬ್ಬ ಹಿರಿಯರು ಆ್ಯಪ್ ನೋಡಿ ಜೋಯಿಡಾದ ಹುಡುಗನಿಗೆ ಕೇಳಿದರು: “ಮಳೆ ಬಂದಿದ್ದು ನಿನ್ನೆ ಅಲ್ದಾ ತಮಾ, ಇವತ್ತಿನ ತಾರೀಕಿಗೆ ಎಂತಕ್ಕೆ ಬರೆಯವು?” ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅವರ ಲೆಕ್ಕವನ್ನು ಇಲಾಖೆಯ ಅಂಕಿಯ ಪಕ್ಕದಲ್ಲಿಟ್ಟರೆ ಎಲ್ಲವೂ ಒಂದು ದಿನ ಜಾರಿರುತ್ತದೆ.

ಮೊದಲ ಆವೃತ್ತಿಯಲ್ಲಿ ತಾರೀಕು ಮಾತ್ರ ಇತ್ತು, ಗಂಟೆ ಇರಲಿಲ್ಲ. ಎರಡನೆಯದರಲ್ಲಿ ಏನು ಮಾಡುವುದು ಎಂಬುದರ ಮೇಲೆ ಫೆಬ್ರವರಿಯಲ್ಲಿ ಒಂದು ಫೋನ್ ಸಭೆ ಆಗಿ, ಇಲಾಖೆಯ ಕ್ರಮವೇ ಸರಿ ಎಂದಾಯಿತು. ಮಾರ್ಚ್‌ನಲ್ಲಿ ಇನ್ನೊಂದು ಸಭೆ ಆಗಿ, ಮನೆಯವರ ಕ್ರಮವೇ ಸರಿ ಎಂದಾಯಿತು. ಮೊದಲ ಸಭೆಯಲ್ಲಿ ಇದ್ದವರು ಎರಡನೆಯದರಲ್ಲಿ ಇರಲಿಲ್ಲ. ಇಬ್ಬರು ಎರಡು ರೀತಿ ಕೋಡ್ ಬರೆದಿದ್ದರು. ಎರಡನ್ನೂ ಒಂದಾಗಿ ಸೇರಿಸಲು (ಮರ್ಜ್ ಮಾಡಲು) ಹೋದಾಗಲೇ ವಿಷಯ ಹೊರಬಿದ್ದದ್ದು.

ಏಪ್ರಿಲ್‌ನಲ್ಲಿ ಇದನ್ನು ಬರೆದು ಚರ್ಚೆ ಮಾಡಿದೆವು. ಒಂದು ಪುಟದ ತೀರ್ಮಾನ ಪತ್ರ: ಸಮಸ್ಯೆ ಏನು, ಯಾವ ದಾರಿಗಳಿವೆ, ಯಾವುದನ್ನು ಹಿಡಿದೆವು, ಯಾವುದನ್ನು ಯಾಕೆ ಬಿಟ್ಟೆವು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಪೆಪ್ ಎಂಬ ಹೆಸರಿನಲ್ಲಿ ಬಹಳ ವರ್ಷಗಳಿಂದ ಇಂಥದ್ದನ್ನೇ ಮಾಡುತ್ತಿದ್ದಾರೆ. ಅದರಲ್ಲಿ ತಿರಸ್ಕಾರವಾದ ಪ್ರಸ್ತಾವಗಳೂ ಕಾರಣ ಸಮೇತ ಉಳಿದಿರುತ್ತವೆ. ಆ ಭಾಷೆ ಕಟ್ಟಿದ ಗೈಡೊ ವಾನ್ ರೋಸಮ್ 2018ರಲ್ಲಿ ಮುಖ್ಯಸ್ಥನ ಜಾಗ ಬಿಟ್ಟಾಗ, ಮುಂದೆ ಹೇಗೆ ನಡೆಯಬೇಕು ಎಂಬುದನ್ನೂ ಹೀಗೇ ಬರೆದ ಪ್ರಸ್ತಾವಗಳ ಮೇಲೆ ಮತ ಹಾಕಿ ಐದು ಜನರ ಮಂಡಳಿ ಮಾಡಿಕೊಂಡರು. ಬರೆದಿಟ್ಟದ್ದು ಇದ್ದರೆ ಜನ ಬದಲಾದರೂ ಮಾತು ಉಳಿಯುತ್ತದೆ.

ನಮ್ಮ ಪತ್ರದ ಮೇಲೆ ಎಲ್ಲರೂ ಬರೆಯಲು ಎಂಟು ದಿನ ಬಿಟ್ಟೆವು. ಜೋಯಿಡಾದ ಹುಡುಗ ಮೂರು ದಿನ ನೆಟ್‌ವರ್ಕ್ ಇಲ್ಲದೆ ಇದ್ದು, ಬಂದ ಮೇಲೆ ಬರೆದ ಉತ್ತರವೇ ಕೊನೆಗೆ ತೀರ್ಮಾನವಾಯಿತು. ಅವನು ಹೇಳಿದ್ದು ಇಷ್ಟು: ನಾವು ತಾರೀಕನ್ನು ಇಡುವುದೇ ಬೇಡ. ಮಾಪಕ ಖಾಲಿ ಮಾಡಿದ ಹೊತ್ತನ್ನು ಇಡೋಣ, ಅದಕ್ಕೆ ಮುಂಚಿನ ಸಲ ಖಾಲಿ ಮಾಡಿದ ಹೊತ್ತು ಹೇಗೂ ಇದ್ದೇ ಇದೆ. ಈ ಎರಡು ಹೊತ್ತಿನ ನಡುವೆ ಇಷ್ಟು ಮಳೆ, ಅಷ್ಟೇ ಸತ್ಯ. ಅದನ್ನು ಯಾವ ತಾರೀಕಿನ ಕೆಳಗೆ ತೋರಿಸಬೇಕು ಎಂಬುದನ್ನು ಮನೆಯವರು ಆರಿಸಿಕೊಳ್ಳಲಿ. ಹೊರಗೆ ಕೊಡುವ ಕಡತದಲ್ಲಿ ಇಲಾಖೆಯ ಕ್ರಮ ಇರಲಿ.

ಇದರಿಂದ ಇನ್ನೊಂದು ಗಂಟೂ ಬಿಚ್ಚಿತು. ಮದುವೆ ಮನೆಗೆ ಹೋಗಿ ಎರಡು ದಿನ ಅಳೆಯದೆ ಇದ್ದವರು ಮೂರನೇ ದಿನ ಒಟ್ಟು ಅಳತೆ ಬರೆಯುತ್ತಾರೆ. ಹಳೆಯ ಆ್ಯಪ್‌ನಲ್ಲಿ ಅದು ಒಂದೇ ದಿನದ ದೊಡ್ಡ ಮಳೆಯಾಗಿ ಕಾಣುತ್ತಿತ್ತು. 64.5 ಮಿಲಿಮೀಟರ್ ಮುಟ್ಟಿದರೆ ಭಾರೀ, 115.6 ಮುಟ್ಟಿದರೆ ಅತಿ ಭಾರೀ ಎಂದು ಇಲಾಖೆಯ ವಿಂಗಡಣೆ ಇದೆ. ಆ್ಯಪ್ ಅದರಂತೆ ಬಣ್ಣ ಹಾಕುತ್ತದೆ. ಮೂರು ದಿನದ ಸಾಧಾರಣ ಮಳೆ ಸುಮ್ನೆ ಕೆಂಪಾಗಿ ನಿಲ್ಲುತ್ತಿತ್ತು. ಈಗ ಮೂರು ದಿನದ ಮೊತ್ತ ಎಂದೇ ತೋರಿಸುತ್ತದೆ.

ಫೋನ್ ಸಭೆಯಲ್ಲಿ ಈ ಉತ್ತರ ಹುಟ್ಟುತ್ತಿರಲಿಲ್ಲ ಎಂದು ನನಗೆ ಖಂಡಿತ ಅನ್ನಿಸುತ್ತದೆ. ಅಲ್ಲಿ ಇದ್ದದ್ದು ಎರಡು ಪಕ್ಷ, ಬೇಗ ಮುಗಿಸುವ ಅವಸರ. ನೆಟ್‌ವರ್ಕ್ ಇಲ್ಲದ ಮೂರು ದಿನ ಅವನಿಗೆ ಯೋಚಿಸಲು ಸಿಕ್ಕಿತು, ಕಾಯುವ ನಿಯಮ ಇದ್ದದ್ದರಿಂದ ಅವನ ಮಾತಿಗೆ ಜಾಗವೂ ಸಿಕ್ಕಿತು.

ಕತ್ತರಿಸಿಟ್ಟ ಕೆಲಸ

ಹೊಸ ಪಟ್ಟಿಯಲ್ಲಿ ಹೆಸರಿನ ಕಾಲಂ ಇರಲಿಲ್ಲ. ಐದು ದೊಡ್ಡ ಕೆಲಸಗಳ ಬದಲು ಸಣ್ಣ ಸಣ್ಣ ಇಶ್ಯೂಗಳು, ಅಂದರೆ ಬಿಡಿ ಕೆಲಸದ ಚೀಟಿಗಳು. ಒಂದು ಸಂಜೆ, ಹೆಚ್ಚೆಂದರೆ ಒಂದು ಭಾನುವಾರ ಕೂತರೆ ಮುಗಿಯುವಂಥವು. ಪ್ರತಿಯೊಂದರಲ್ಲೂ ಈಗ ಏನಾಗುತ್ತಿದೆ, ಏನಾಗಬೇಕು, ಯಾವ ಕಡತ ತೆರೆಯಬೇಕು, ಮುಗಿಯಿತು ಎಂದು ಗೊತ್ತಾಗುವುದು ಹೇಗೆ ಎಂದು ಬರೆದಿರಬೇಕು. ಕೆಲಸ ಎತ್ತಿಕೊಂಡವರು ಅಲ್ಲಿ ಒಂದು ಸಾಲು ಬರೆಯುತ್ತಾರೆ. ಅರ್ಧ ಆದರೂ ರಾತ್ರಿ ಮಲಗುವ ಮುಂಚೆ ಬ್ರಾಂಚಿಗೆ ಹಾಕುತ್ತಾರೆ. ಒಂದು ವಾರ ಏನೂ ಸುದ್ದಿ ಇಲ್ಲದಿದ್ದರೆ ಕೆಲಸ ತಾನಾಗಿಯೇ ಮತ್ತೆ ಎಲ್ಲರದ್ದಾಗುತ್ತದೆ. ಯಾರೂ ಕ್ಷಮೆ ಕೇಳಬೇಕಿಲ್ಲ, ಯಾರೂ ಫೋನ್ ಮಾಡಿ ಜ್ಞಾಪಿಸಬೇಕಿಲ್ಲ. ಈ ಕೊನೆಯ ನಿಯಮದಿಂದ ಗುಂಪಿನ ಗಾಳಿಯೇ ಬದಲಾಯಿತು. ಜ್ಞಾಪಿಸುವವರಿಗೂ ಮುಜುಗರ, ಕೇಳಿಸಿಕೊಳ್ಳುವವರಿಗೂ ಮುಜುಗರ ಇತ್ತಲ್ಲ, ಅದು ಹೋಯಿತು.

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಇಲ್ಲಿ ಬಹಳ ಉಪಕಾರಿ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಕಟ್ಟಿದ್ದೇ ಊರೂರಲ್ಲಿ ಹರಡಿಕೊಂಡ ಕರ್ನಲ್ ಕೆಲಸಗಾರರಿಗಾಗಿ. ಪ್ರತಿಯೊಬ್ಬರ ಯಂತ್ರದಲ್ಲೂ ಇಡೀ ಇತಿಹಾಸ ಇರುತ್ತದೆ. ನೆಟ್‌ವರ್ಕ್ ಇಲ್ಲದೆ ಕಮಿಟ್ ಮಾಡಬಹುದು (ಬದಲಾವಣೆಯನ್ನು ಒಂದು ಸಂದೇಶದ ಜೊತೆ ದಾಖಲಿಸಬಹುದು), ಹಳೆಯದನ್ನು ನೋಡಬಹುದು, ಬ್ರಾಂಚ್ ಒಡೆಯಬಹುದು. ಜೋಯಿಡಾದ ಹುಡುಗ ವಾರಕ್ಕೊಮ್ಮೆ ದಾಂಡೇಲಿಗೆ ಹೋದಾಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತಿದ್ದ. ಕಮಿಟ್‌ನ ಸಂದೇಶ ಚೆನ್ನಾಗಿ ಬರೆದಿದ್ದರೆ ಸಾಕಿತ್ತು, ಅವನ ವಾರವೆಲ್ಲ ನಮಗೆ ಅರ್ಥವಾಗುತ್ತಿತ್ತು.

ಕತ್ತರಿಸಿಟ್ಟ ಕೆಲಸ ಹೇಗೆ ನಡೆಯಿತು ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಊರಿನ ಹೆಸರು ಹುಡುಕಿದರೆ ಶಿರಸಿ, ಭಟ್ಕಳ ಸಿಗುತ್ತಿದ್ದವು. ಅಂಕೋಲಾ, ಗೋಕರ್ಣ, ಹೊನ್ನಾವರ ಕೆಲವೊಮ್ಮೆ ಸಿಗುತ್ತಿರಲಿಲ್ಲ. ತಿಂಗಳುಗಟ್ಟಲೆ ಇದು “ಹುಡುಕಾಟ ಸರಿಯಿಲ್ಲ” ಎಂಬ ಒಂದು ಸಾಲಾಗಿ ಬಿದ್ದಿತ್ತು. ಶಿಕ್ಷಕಿ ಅದನ್ನು ತೆರೆದು, ಸಿಗದ ಹೆಸರುಗಳ ಪಟ್ಟಿ ಮಾಡಿ, ಎಲ್ಲದರಲ್ಲೂ ಒ ಅಥವಾ ಓ ಸ್ವರ ಇದೆ ಎಂದಷ್ಟೇ ಬರೆದು ಮೌಲ್ಯಮಾಪನಕ್ಕೆ ಹೋದರು. ಕಾರವಾರದ ಹುಡುಗಿ ಅಲ್ಲಿಂದ ಎತ್ತಿಕೊಂಡಳು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಜಾಗತಿಕ ಕ್ರಮವಾದ ಯೂನಿಕೋಡ್‌ನಲ್ಲಿ ಹೊ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಎರಡು ರೀತಿ ಇಡಬಹುದು. ಒಂದೇ ಚಿಹ್ನೆಯಾಗಿ, ಇಲ್ಲವೇ ಎ ಮತ್ತು ಊ ಚಿಹ್ನೆಗಳ ಜೋಡಿಯಾಗಿ. ಓ ಆದರೆ ಅದಕ್ಕೆ ದೀರ್ಘದ ಚಿಹ್ನೆಯೂ ಸೇರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ದಾಖಲೆಯಿಂದ ತಂದ ಊರ ಹೆಸರುಗಳಲ್ಲಿ ಜೋಡಿ ಇತ್ತು, ಕೀಬೋರ್ಡ್ ಒಂಟಿ ಚಿಹ್ನೆ ಕೊಡುತ್ತಿತ್ತು. ಯೂನಿಕೋಡ್‌ನವರೇ ಹೇಳಿದ ನಾರ್ಮಲೈಸೇಷನ್ ಎಂಬ ಕ್ರಮದಲ್ಲಿ ಎರಡನ್ನೂ ಒಂದೇ ರೂಪಕ್ಕೆ ತಂದಳು. ಕೋಡ್ ಕೆಲವೇ ಸಾಲು, ಜೊತೆಗೆ ಮುಂದೆ ಯಾರಾದರೂ ಮುರಿದರೆ ಗೊತ್ತಾಗಲು ಆ ಮೂರು ಊರಿನ ಹೆಸರಿನ ಟೆಸ್ಟ್. ಇಬ್ಬರೂ ಒಮ್ಮೆಯೂ ಈ ಬಗ್ಗೆ ಮಾತಾಡಿಕೊಳ್ಳಲಿಲ್ಲ. ಶಿಕ್ಷಕಿಯ ಅರ್ಧ ಪುಟ ಅಷ್ಟು ಚೆನ್ನಾಗಿತ್ತು.

ಇಂಚಿನ ಕೆಲಸವೂ ಹೀಗೆ ಕೈಯಿಂದ ಕೈಗೆ ದಾಟಿ ಮುಗಿಯಿತು. 2.3 ಇಂಚು ಬರೆದರೆ ಒಳಗೆ 58.4 ಮಿಲಿಮೀಟರ್ ಎಂದು ಇಟ್ಟು, ಮತ್ತೆ ಇಂಚಿಗೆ ತಿರುಗಿಸಿದಾಗ 2.299 ಎಂದು ತೋರಿಸುತ್ತಿತ್ತು. ತಾನು ಬರೆದದ್ದನ್ನೇ ಬೇರೆ ಮಾಡುವ ಆ್ಯಪನ್ನು ಯಾರು ನಂಬುತ್ತಾರೆ? ಈಗ ಬರೆದ ಅಂಕಿ ಮತ್ತು ಅಳತೆ ಹಾಗೇ ಉಳಿಯುತ್ತವೆ, ಪರಿವರ್ತನೆ ತೋರಿಸುವಾಗ ಮಾತ್ರ.

ಪದಗಳಿಗೆ ಮೇ ಮೊದಲ ವಾರವೇ ಬೀಗ ಹಾಕಿದೆವು. ಅದಾದ ಮೇಲೆ ಪರದೆಯ ಮೇಲಿನ ಒಂದು ಪದವನ್ನೂ ಬದಲಿಸುವಂತಿಲ್ಲ. ಅನುವಾದಕರಿಗೆ ನಿಲ್ಲುವ ನೆಲ ಬೇಕು. ಕೋಡ್ ಬರೆಯುವವರು ಕೊನೆಯ ರಾತ್ರಿ ಒಂದು ಗುಂಡಿಯ ಹೆಸರು ಬದಲಿಸಿದರೆ ಕನ್ನಡದಲ್ಲಿ ಆ ಜಾಗ ಇಂಗ್ಲಿಷ್ ಆಗಿ ಕಾಣುತ್ತದೆ. ಮೊದಲ ಆವೃತ್ತಿಯಲ್ಲಿ ಅದನ್ನು ನೋಡಿ ನನಗೆ ನಿಜಕ್ಕೂ ನೋವಾಗಿತ್ತು.

ಕೀಲಿ

ಆ್ಯಂಡ್ರಾಯ್ಡ್‌ನಲ್ಲಿ ಹೊಸ ಆವೃತ್ತಿ ಹಳೆಯದರ ಮೇಲೆ ಕೂರಬೇಕಾದರೆ ಎರಡಕ್ಕೂ ಒಂದೇ ಕೀಲಿಯ ಸಹಿ ಇರಬೇಕು. ಕೀಲಿ ಅಂದರೆ ಆ್ಯಪ್ ಮಾಡಿದವರ ಬಳಿ ಇರುವ ಒಂದು ಗುಟ್ಟಿನ ಕಡತ. ನಾವು ಪ್ಲೇ ಸ್ಟೋರ್ ಮೂಲಕ ಹಂಚುತ್ತಿರಲಿಲ್ಲ, ಕೀಲಿ ನಮ್ಮ ಕೈಯಲ್ಲೇ. ಅದು ಕಳೆದರೆ ಬಳಸುವವರು ಹಳೆಯ ಆ್ಯಪ್ ತೆಗೆದು ಹೊಸದನ್ನು ಹಾಕಿಕೊಳ್ಳಬೇಕು. ತೆಗೆದರೆ ಫೋನಿನೊಳಗೆ ಇದ್ದ ಲೆಕ್ಕವೂ ಹೋಗುತ್ತದೆ. ಎರಡು ಮಳೆಗಾಲದ ಲೆಕ್ಕ. ಬಿಡುಗಡೆಗೆ ಎರಡು ವಾರ ಇರುವಾಗ ಗೊತ್ತಾಯಿತು, ಕೀಲಿ ಇರುವುದು ಜೋಯಿಡಾದ ಒಂದೇ ಲ್ಯಾಪ್‌ಟಾಪಿನಲ್ಲಿ. ಮೇ ತಿಂಗಳ ಗುಡುಗು ಸಿಡಿಲಿನ ಕಾಲ, ಕರೆಂಟ್ ಇಲ್ಲ, ಹುಡುಗನ ಸುದ್ದಿಯೂ ಇಲ್ಲ. ನಾಲ್ಕು ದಿನ ಎಲ್ಲರಿಗೂ ಆತಂಕ.

ಇನ್ನೊಬ್ಬರ ಕೈಗೂ ಕೀಲಿ ಕೊಡಬೇಕು, ಅದು ಸ್ಪಷ್ಟ. ಯಾರ ಕೈಗೆ ಎಂಬುದೇ ಕಷ್ಟದ ಪ್ರಶ್ನೆ. ಅದೇ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ತಂತ್ರಾಂಶದ ಸುದ್ದಿ ಬಂದಿತ್ತು. ಲಿನಕ್ಸ್ ಯಂತ್ರಗಳಲ್ಲಿ ಎಲ್ಲೆಡೆ ಇರುವ ಕಡತ ಕುಗ್ಗಿಸುವ ತಂತ್ರಾಂಶ ಅದು. ನಡೆಸುತ್ತಿದ್ದದ್ದು ದಣಿದ ಒಬ್ಬರೇ ಮೇಂಟೇನರ್. ಅವರಿಗೆ ಸಹಾಯ ಮಾಡುತ್ತಾ ಬಂದ, ನಿಜ ಗುರುತು ಯಾರಿಗೂ ಗೊತ್ತಿಲ್ಲದ ಒಂದು ಖಾತೆ, ವರ್ಷಗಳ ಕಾಲ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳಹೋಗುವ ಹಿಂಬಾಗಿಲು ಇಟ್ಟಿತ್ತು. ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಗಮನಿಸಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ನಮ್ಮದು ಸಣ್ಣ ಆ್ಯಪ್, ಯಾರೂ ಅದರ ಹಿಂದೆ ಬೀಳುವುದಿಲ್ಲ. ಆದರೂ ಒಬ್ಬರ ಮೇಲೇ ಎಲ್ಲ ಭಾರ ಬೀಳುವುದು, ದಣಿವಿನಲ್ಲಿ ಬಂದವರ ಕೈಗೆ ಎಲ್ಲವನ್ನೂ ಕೊಟ್ಟುಬಿಡುವುದು, ಎರಡೂ ಅಪಾಯ ಎಂಬುದು ಮನಸ್ಸಿಗೆ ತಟ್ಟಿತು.

ಹಾಗಾಗಿ ಎರಡು ಬೇರೆ ನಿಯಮ. ಕೆಲಸ ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಆದರೆ ಬರೆದವರಲ್ಲದೆ ಇನ್ನೊಬ್ಬರು ಓದಿ ಒಪ್ಪದೆ ಏನೂ ಮರ್ಜ್ ಆಗುವುದಿಲ್ಲ. ಕೀಲಿ ಮಾತ್ರ ಪರಸ್ಪರ ಮುಖ ನೋಡಿ ಬಲ್ಲ ಇಬ್ಬರ ಬಳಿ, ಪಾಸ್‌ವರ್ಡ್ ಹಾಕಿದ ಪ್ರತಿಯಾಗಿ. ಒಂದು ಪ್ರತಿ ಈಗ ಶಿರಸಿಯಲ್ಲಿದೆ.

ಬಿಡುಗಡೆ, ಮತ್ತು ಜುಲೈ

ಹೇಳಿದ ವಾರವೇ ಬಿಡುಗಡೆ ಆಯಿತು. ಸಿಂಕ್, ಇಂಚು, ಹೊಸ ಹೊತ್ತಿನ ಲೆಕ್ಕ, ಹುಡುಕಾಟ ಇದ್ದವು. ಮದ್ದಿನ ನೆನಪು ಸರಳ ರೂಪದಲ್ಲಿ: ಮೊದಲ ಸಲ ಹೊಡೆದ ದಿನ ಬರೆದರೆ 40ನೇ ದಿನದಿಂದ ಜ್ಞಾಪಿಸುತ್ತದೆ. ನಕ್ಷತ್ರ ಮತ್ತು ಕೊಂಕಣಿ ಇರಲಿಲ್ಲ. ನಕ್ಷತ್ರ ಎಲ್ಲಿ ಎಂದು ಹಿರಿಯರು ಕೇಳಿದರು. ಅಕ್ಟೋಬರ್ ಎಂದು ಹೇಳಲು ನಮ್ಮ ಬಳಿ ಉತ್ತರ ಇತ್ತು.

ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯ ದಡದಲ್ಲಿ. ಜೀವಗಳು ಹೋದವು. ಇಡೀ ಜಿಲ್ಲೆ ವಾರಗಟ್ಟಲೆ ಅದೇ ದುಃಖದಲ್ಲಿತ್ತು. ಆಗ ಹಲವರು, ಒಳ್ಳೆಯ ಮನಸ್ಸಿನಿಂದಲೇ, ಆ್ಯಪಿನಲ್ಲಿ ಕುಸಿತದ ಎಚ್ಚರಿಕೆ ಕೊಡಿ ಎಂದು ಕೇಳಿದರು. ಕೋಡ್ ಬರೆದು ಕಳಿಸಿದವರೂ ಇದ್ದರು. ಇಷ್ಟು ಮಿಲಿಮೀಟರ್ ದಾಟಿದರೆ ಗಂಟೆ ಹೊಡೆಯುವ ಹಾಗೆ.

ಅದನ್ನು ಸೇರಿಸಲಿಲ್ಲ. ಇದು ಸುಲಭದ ತೀರ್ಮಾನ ಆಗಿರಲಿಲ್ಲ, ಅದಕ್ಕೇ ಬರೆದು ತೀರ್ಮಾನಿಸಿದೆವು. ನಮ್ಮದು ದಿನಕ್ಕೊಂದು ಅಳತೆ. ಗುಡ್ಡ ಕುಸಿಯುವುದಕ್ಕೆ ಗಂಟೆಗೆ ಎಷ್ಟು ಸುರಿಯಿತು, ಮಣ್ಣು ಯಾವುದು, ಇಳಿಜಾರು ಎಷ್ಟು, ಬುಡ ಕಡಿದಿದ್ದಾರೋ ಇಲ್ಲವೋ ಎಲ್ಲ ಸೇರುತ್ತದೆ. ಬೆಳಿಗ್ಗೆ ಅಳೆದ ಒಂದು ಅಂಕಿ ನೋಡಿ ಗಂಟೆ ಹೊಡೆಯದಿದ್ದರೆ ಜನ ಧೈರ್ಯವಾಗಿ ಮಲಗುತ್ತಾರೆ. ಆ ಧೈರ್ಯ ಕೊಡುವ ಹಕ್ಕು ನಮಗಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಎಚ್ಚರಿಕೆ ಬರಬೇಕಾದದ್ದು ಅಲ್ಲಿಂದ, ಜಿಲ್ಲಾಡಳಿತದಿಂದ. ಆ್ಯಪಿನಲ್ಲಿ ಆ ಮಾತನ್ನು, ಸಹಾಯವಾಣಿಗೆ ಹೋಗುವ ದಾರಿಯನ್ನು ಇಟ್ಟೆವು. ಕೋಡ್ ಕಳಿಸಿದವರಿಗೆ ಕಾರಣ ಪೂರ್ತಿ ಬರೆದೆವು. ಅವರಲ್ಲಿ ಒಬ್ಬರು ಆಮೇಲೆ ಗುಂಪಿಗೇ ಸೇರಿದರು.

ಅಕ್ಟೋಬರ್‌ನಲ್ಲಿ ನಕ್ಷತ್ರ ಬಂತು. ಮುಗಿಸಿದ್ದು ಶುರುಮಾಡಿದ ಶಿಕ್ಷಕಿಯಲ್ಲ, ಜರ್ಮನಿಯಲ್ಲಿರುವವರು, ಏಪ್ರಿಲ್‌ನಲ್ಲಿ ಶಿಕ್ಷಕಿ ಬರೆದಿಟ್ಟ ಪುಟ ಹಿಡಿದು. ಮಳೆ ಅಳೆಯುವ ಮನೆಯವರನ್ನು ಮಳೆಗಾಲದಲ್ಲಿ ಕೇಳಿ ನೋಡಿದೆವು. ಒಂದೇ ಪಂಚಾಂಗ ಎಂದು ಹೇರಲು ಆಗುವುದಿಲ್ಲ ಎಂದಾಯಿತು. ನಕ್ಷತ್ರ ಹುಟ್ಟುವ ದಿನಗಳು ಈಗ ಕೋಡಿನಿಂದ ಹೊರಗೆ ಒಂದು ಬೇರೆ ಕಡತದಲ್ಲಿವೆ, ಮನೆಯವರು ತಮ್ಮ ಪಂಚಾಂಗದಂತೆ ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಬಹುದು.

ಕೊಂಕಣಿ ಇನ್ನೂ ಅರ್ಧದಲ್ಲಿದೆ. ಪರದೆಯ ಪದಗಳು ಆಗಿವೆ, ಸಹಾಯ ಪುಟಗಳು ಆಗಿಲ್ಲ. ಕಾರವಾರದ ಕಡೆ ಕನ್ನಡ ಲಿಪಿ ಸಾಕೋ, ದೇವನಾಗರಿಯೂ ಬೇಕೋ ಎಂಬ ತೀರ್ಮಾನ ಪತ್ರದ ಮೇಲೆ ಎರಡು ಅಭಿಪ್ರಾಯ ಬಂದಿವೆ. ಯಾವ ಕಡತದ ಯಾವ ಸಾಲಿನಿಂದ ಮುಂದುವರಿಸಬೇಕು ಎಂದು ಹುಡುಗಿ ಬರೆದಿಟ್ಟಿದ್ದಾಳೆ. ಅವಳಿಗೆ ಈಗ ಕೊನೆಯ ಸೆಮಿಸ್ಟರ್. ಕೊಂಕಣಿ ಬಲ್ಲವರು, ಒಂದು ಭಾನುವಾರ ಬಿಡುವಿದ್ದವರು, ಅಲ್ಲಿಂದ ಶುರುಮಾಡಬಹುದು.